ಗೇಜಿನ ಮುಳ್ಳು ಇಳಿಯದ ದಿನ

ರಿಟೈರ್ ಅಂದರೆ ಅರುವತ್ತಕ್ಕೆ ಆಗುದು, ಹಾರ ಹಾಕಿ ಗೋಡೆ ಗಡಿಯಾರ ಕೊಡುದು. ನನಗೆ ಮೂವತ್ತಮೂರಕ್ಕೆ ಆಯ್ತು. ಹಾರ ಇಲ್ಲ, ಗಡಿಯಾರ ಇಲ್ಲ. ಸ್ಪ್ಯಾನರಿನ ಚೀಲ ಶಾಪಿನ ಮೇಜಿನ ಮೇಲೆ ಇಟ್ಟೆ, ಬಂದೆ. ಹದಿಮೂರು ವರ್ಷ ಎಸಿ ಕೂರಿಸಿದ್ದೇನೆ. ಈಗ ಗೂಡ್ಸ್ ರಿಕ್ಷಾ ಓಡಿಸ್ತೇನೆ.

ಐಟಿಐಯಲ್ಲಿ ಕಲಿಸುವ ಒಬ್ಬರು ಸಾರ್ ನನ್ನ ರಿಕ್ಷಾದಲ್ಲಿ ಹಳೆ ಫ್ರಿಜ್ಜು ಹಾಕಿಕೊಂಡು ಹೋಗುವಾಗ ಮಾತಿಗೆ ಸಿಕ್ಕಿದ್ರು. ನಾನು ಮೊದಲು ಎಂತ ಕೆಲಸ ಮಾಡ್ತಿದ್ದೆ ಅಂತ ಅವರಿಗೆ ಗೊತ್ತಾಯ್ತು. "ನೀನು ಬಂದು ನಮ್ಮ ಮಕ್ಕಳಿಗೆ ಎರಡು ಮಾತು ಹೇಳು ಮಾರಾಯ" ಅಂದ್ರು. ಎದುರು ನಿಂತು ಮಾತಾಡ್ಲಿಕ್ಕೆ ನನಗೆ ಬರುದಿಲ್ಲ. "ಹಾಗಾದರೆ ಬರೆದು ಕೊಡು" ಅಂದ್ರು. ನಾನು ಕನ್ನಡ ಶಾಲೆಗೆ ಒಂಬತ್ತನೆಯವರೆಗೆ ಹೋದವ, ಅದೂ ಒಂಬತ್ತರಲ್ಲಿ ಅರ್ಧ. ಅಕ್ಷರ ತಪ್ಪಿದ್ದರೆ ಸಾರ್ ತಿದ್ದಲಿ. ವಿಷಯ ಮಾತ್ರ ತಿದ್ದುದು ಬೇಡ.

ವಿಷಯ ಮೊದಲೇ ಹೇಳ್ತೇನೆ. ನನ್ನ ಜೊತೆ ಕೆಲಸ ಮಾಡಿದ ಚಂದ್ರನ ಎರಡೂ ಕಣ್ಣು ಹೋಗಿದೆ. ಎಸಿಯ ಕಂಪ್ರೆಸರ್ ಅವನ ಮುಖದ ಎದುರೇ ಒಡೆದದ್ದು. ಅವನ ಅವಸರದಿಂದ ಆದದ್ದು ಅಂತ ಶಾಪಿನವರು ಹೇಳ್ತಾರೆ, ಊರಿನವರು ಹೇಳ್ತಾರೆ, ಅವನ ಹೆಂಡತಿ ದಿನಾ ಹೇಳ್ತಾರೆ, ಈಗ ಅವನೂ ಹಾಗೇ ಹೇಳ್ತಾನೆ. ತಪ್ಪು ಅವನದ್ದಲ್ಲ. ಇದು ಗೊತ್ತಿದ್ದದ್ದು ಇಬ್ಬರಿಗೆ. ಅದರಲ್ಲಿ ಒಬ್ಬ ನಾನು.

ನನ್ನ ಹೆಸರು ಲ್ಯಾನ್ಸಿ. ಮನೆ ಗಡಿನಾಡಿನ ಕಾರಡ್ಕದ ಹತ್ತಿರ. ಮನೆಯಲ್ಲಿ ಕೊಂಕಣಿ, ಚಂದ್ರನ ಜೊತೆ ತುಳು, ಶಾಪಿನಲ್ಲಿ ಮಲಯಾಳ, ಬೈಗುಳ ಯಾವುದು ಬಾಯಿಗೆ ಬರ್ತದೋ ಅದು. ಶಾಪು ಇದ್ದದ್ದು ನಾಯ್ಮಾರ್ಮೂಲೆಯಲ್ಲಿ, ಮೊಯ್ದುಚ್ಚನದ್ದು. ಮೊಯ್ದುಚ್ಚ ಇಪ್ಪತ್ತು ವರ್ಷ ಗಲ್ಫಿನಲ್ಲಿ ಎಸಿ ಕೆಲಸ ಮಾಡಿ ಬಂದವರು. ಕೆಲಸ ಕಲಿಸಿದವರು ಅಂತ ನಾವು ಅವರನ್ನು ಆಶಾನ್ ಅಂತ ಕರೆಯುದು. ನಾನೂ ಚಂದ್ರನೂ ಒಂದೇ ವಾರದಲ್ಲಿ ಸೇರಿದ್ದು. ಒಂದೇ ವಯಸ್ಸು. ಅವನು ಓದಿದವ, ಹತ್ತು ಪಾಸು. ಅದನ್ನು ಹನ್ನೆರಡು ವರ್ಷ ನನ್ನ ಮಂಡೆಗೆ ಕುಟ್ಟಿದ್ದಾನೆ.

ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೇನೆ. ಸ್ಪ್ಲಿಟ್ ಎಸಿ ಅಂದರೆ ರೂಮಿನ ಒಳಗೆ ಒಂದು ಪೆಟ್ಟಿಗೆ, ಹೊರಗೆ ಗೋಡೆಯಲ್ಲಿ ಒಂದು ಪೆಟ್ಟಿಗೆ. ನಡುವೆ ತಾಮ್ರದ ಎರಡು ಪೈಪು, ಒಂದು ಸಪೂರ, ಒಂದು ದಪ್ಪ. ಗ್ಯಾಸು ಕಂಪೆನಿಯಿಂದಲೇ ಹೊರಗಿನ ಪೆಟ್ಟಿಗೆಯಲ್ಲಿ ತುಂಬಿಸಿ ವಾಲ್ವು ಬಂದ್ ಮಾಡಿ ಕಳಿಸ್ತಾರೆ. ನಾವು ಪೈಪು ಸೇರಿಸಿ ವಾಲ್ವು ಬಿಡುದು. ಆದರೆ ನೀವು ಸೇರಿಸಿದ ಪೈಪಿನ ಒಳಗೆ ಗಾಳಿ ಉಂಟು. ನಮ್ಮ ಊರಿನ ಗಾಳಿ ಅಂದರೆ ಅರ್ಧ ನೀರು. ಅದು ಒಳಗೆ ಇರಬಾರದು. ಪಂಪು ಕೊಟ್ಟು ಅದನ್ನು ಎಳೆದು ತೆಗೀಬೇಕು. ಅರ್ಧ ಗಂಟೆ ಎಳೆಯುದು, ಪಂಪು ಬಂದ್ ಮಾಡುದು, ಪ್ರೆಶರ್ ತೋರಿಸುವ ಗೇಜು ನೋಡ್ತಾ ಕೂರುದು. ಮುಳ್ಳು ಇದ್ದಲ್ಲೇ ನಿಂತರೆ ಪೈಪು ಗಟ್ಟಿ. ಮೇಲೆ ಬಂದರೆ ಎಲ್ಲಿಯೋ ತೂತು ಉಂಟು. ಇಷ್ಟೆ. ಇದಕ್ಕೆ ವ್ಯಾಕ್ಯೂಮ್ ಅಂತ ಹೆಸರು. ಕೆಲಸದಲ್ಲಿ ಇದಕ್ಕಿಂತ ಸುಲಭದ್ದು ಯಾವುದೂ ಇಲ್ಲ, ಇದನ್ನೇ ಯಾರೂ ಮಾಡುದಿಲ್ಲ.

ಆಶಾನ್ ನಮಗೆ ಕಲಿಸಿದ್ದು ಬೇರೆ. "ಪಂಪು ಎಂತಕ್ಕೆ? ಗ್ಯಾಸೇ ಗಾಳಿಯನ್ನು ದೂಡ್ತದೆ." ಸಪೂರ ಪೈಪಿನ ವಾಲ್ವು ಕಾಲು ಸುತ್ತು ಬಿಡುದು, ದಪ್ಪ ಪೈಪಿನ ಬಾಯಿಯ ಪಿನ್ನು ಒತ್ತುದು. ಸುಂಯ್ ಅಂತ ಗಾಳಿ ಹೊರಗೆ ಹೋಗ್ತದೆ, ಹಿಂದಿನಿಂದ ಗ್ಯಾಸು ಬರ್ತದೆ. ಹತ್ತು ಎಣಿಸಿ ಕೈ ಬಿಡುದು. ಎಣಿಸುದು ಅರಬಿಯಲ್ಲಿ. ಆಶಾನ್ ಗಲ್ಫಿನಲ್ಲಿ ಹಾಗೆ ಕಲಿತದ್ದು, ನಮಗೂ ಹಾಗೇ ಕಲಿಸಿದ್ದು. ವಾಹದ್, ಇತ್ನೇನ್, ತಲಾತ. ನಾನು ಕ್ರಿಸ್ತಾನ, ಚಂದ್ರ ಭೂತಕ್ಕೆ ಹರಕೆ ಹೇಳುವವ, ಇಬ್ಬರೂ ಸನ್‌ಶೇಡಿನ ಮೇಲೆ ಕೂತು ಅರಬಿಯಲ್ಲಿ ಎಣಿಸುದು. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಕೆಳಗಿನಿಂದ ಕೇಳಿದ್ರು, "ಮಕ್ಕಳೇ, ಮೇಲೆ ಎಂತ ಮಂತ್ರ ಹಾಕ್ತೀರಿ?" ಚಂದ್ರ ಹೇಳಿದ, "ಸೆಕೆಗೆ ಮಂತ್ರ ಅಜ್ಜಿ."

ಹಳೆ ಗ್ಯಾಸು ಇರುವಾಗ ಹತ್ತು ಎಣಿಸಿದ್ದು ಹೇಗೋ ನಡೀತು. ಆ ಗ್ಯಾಸು ಪಾಪ, ಎಂತ ಮಾಡಿದರೂ ಸಹಿಸಿಕೊಳ್ತಿತ್ತು. ಆಮೇಲೆ ಹೊಸ ಗ್ಯಾಸು ಬಂತು. ಪ್ರೆಶರ್ ಜಾಸ್ತಿ, ಬೆಂಕಿಯೂ ಹಿಡೀತದೆ, ಅದರ ಎಣ್ಣೆ ನೀರು ಕಂಡರೆ ಹೀರ್ತದೆ. ಕಂಪೆನಿಯವರು ಎಲ್ಲ ಶಾಪಿನವರನ್ನು ಕೂರಿಸಿ ಒಂದು ದಿನ ಕ್ಲಾಸು ಮಾಡಿದ್ರು, ಬಿರಿಯಾಣಿ ಕೊಟ್ಟರು, ಒಂದೊಂದು ಪಂಪು ಕೊಟ್ಟರು. ಒಳ್ಳೆ ಪಂಪು. ಆಶಾನ್ ಅದನ್ನು ಪಿಕಪ್ಪಿನ ಸೀಟಿನ ಹಿಂದೆ ಇಟ್ಟರು. ಅದು ಅಲ್ಲೇ ಇತ್ತು. ಯಾರಾದರೂ ಕೇಳಿದರೆ ನಾವು ಹೇಳುದು, "ಪಂಪು ಉಂಟಲ್ಲ, ಗಾಡಿಯಲ್ಲಿ." ಸುಳ್ಳು ಅಲ್ಲ. ಗಾಡಿಯಲ್ಲಿಯೇ ಇತ್ತು.

ನೆವ ಬೇಕಾದಷ್ಟು ಸಿಗ್ತದೆ. ಹೊಸ ಮನೆಯಲ್ಲಿ ಕರೆಂಟು ಬಂದಿರುದಿಲ್ಲ. ಕರೆಂಟು ಇದ್ದಲ್ಲಿ ಪ್ಲಗ್ಗು ದೂರ. ಪ್ಲಗ್ಗು ಹತ್ತಿರ ಇದ್ದಲ್ಲಿ ಮಳೆ ಬರ್ತದೆ. ದಿನಕ್ಕೆ ನಾಲ್ಕು ಎಸಿ ಕೂರಿಸ್ಲಿಕ್ಕೆ ಉಂಟು, ಒಂದಕ್ಕೆ ಅರ್ಧ ಗಂಟೆ ಸುಮ್ಮನೆ ಗೇಜು ನೋಡಿ ಕೂತರೆ ನಾಲ್ಕನೆಯ ಮನೆಯವ ಫೋನಿನಲ್ಲಿ ಅಪ್ಪನನ್ನು ಅಜ್ಜನನ್ನು ತೆಗೆದು ಬೈತಾನೆ. ಪಂಪು ಓಡುವಾಗ ನೋಡುವವರಿಗೆ ನಾವು ಸುಮ್ಮನೆ ಕೂತ ಹಾಗೆ ಕಾಣ್ತದೆ. ಅದೂ ಒಂದು ನಾಚಿಕೆ.

ದೇಲಂಪಾಡಿಯ ಕಡೆ ಒಂದು ಹೊಸ ಮನೆಗೆ ಮೂರು ಎಸಿ ಕೂರಿಸಿದ್ದೆವು. ಕಾಡಿನ ಬದಿ, ಜಡಿಮಳೆಯ ಸಮಯ. ಪೈಪಿನ ಬಾಯಿ ಎರಡು ದಿನ ತೆರೆದೇ ಇತ್ತು. ಪಂಪು ಗಾಡಿಯಲ್ಲಿತ್ತು. ಹತ್ತು ಎಣಿಸಿ ಬಂದೆವು. ವರ್ಷ ಕಳೆಯುವ ಮೊದಲು ಮೂರರಲ್ಲಿ ಎರಡರ ಕಂಪ್ರೆಸರ್ ಸುಟ್ಟಿತು. ನಾನು ಬಿಚ್ಚಿ ಎಣ್ಣೆ ಬಗ್ಗಿಸಿ ನೋಡಿದೆ. ನೀರಿನ ಹಾಗೆ ಇರಬೇಕಾದ ಎಣ್ಣೆ, ಕಪ್ಪು ಕಷಾಯ. ಮೂಗಿಗೆ ಹೊಡೆಯುವ ವಾಸನೆ. ಗಾಳಿಯ ನೀರು ಎಣ್ಣೆಗೆ ಸೇರಿ ಆಸಿಡ್ಡಿನ ಹಾಗೆ ಆಗಿ ಒಳಗೆ ಎಲ್ಲ ತಿಂದಿತ್ತು.

ಮನೆಯ ಯಜಮಾನರು ಒಳ್ಳೆ ಮನುಷ್ಯ. "ಎಂತ ಆದದ್ದು?" ಅಂತ ಕೇಳಿದ್ರು.

ನಾನು ಹೇಳಿದೆ, "ವೋಲ್ಟೇಜ್ ಸರಿ ಇಲ್ಲ ನಿಮ್ಮಲ್ಲಿ."

"ಹೌದು ಮಾರಾಯ, ಲೈಟು ಮಿಣಿ ಮಿಣಿ ಮಾಡ್ತದೆ" ಅಂತ ಅವರೇ ಒಪ್ಪಿದ್ರು. ದೊಡ್ಡ ಸ್ಟೆಬಿಲೈಸರ್ ತಂದು ಹಾಕಿಸಿದ್ರು. ಹೋಗುವಾಗ ನಮಗೆ ಒಂದು ಬಾಳೆಗೊನೆ ಕೊಟ್ಟರು. ನೀವು ಬಂದು ಕಾರಣ ಹೇಳಿದ್ದಕ್ಕೆ ಉಪಕಾರ ಆಯ್ತು ಅಂತ.

ವಾಪಸ್ ಬರುವಾಗ ಚಂದ್ರ ಹೇಳಿದ, "ಆ ಗೊನೆ ನೀನೇ ತಿನ್ನು. ನನಗೆ ಇಳಿಯುದಿಲ್ಲ."

"ಎಂತ, ಹತ್ತು ಪಾಸಿನ ಹೊಟ್ಟೆಯಾ?" ಅಂದೆ.

ಅವನು ನಗಲಿಲ್ಲ. ಅವತ್ತಿನಿಂದ ಅವನು ಪಂಪು ಹಿಡಿದುಕೊಂಡು ಹೋಗ್ಲಿಕ್ಕೆ ಸುರು ಮಾಡಿದ. ಹೆಗಲಿನಲ್ಲಿ ಹೊತ್ತು ಮೂರು ಮಾಳಿಗೆ ಹತ್ತುದು. ಕರೆಂಟು ಇಲ್ಲದಿದ್ದರೆ ಪಕ್ಕದ ಮನೆಯಿಂದ ವಯರು ಎಳೆಯುದು. ಗ್ಯಾಸು ತೂಕ ಮಾಡಿ ಹಾಕಬೇಕು ಅಂತ ಒಂದು ತಕ್ಕಡಿ ಸಹ ತಂದ, ಅವನದೇ ಖರ್ಚಿನಲ್ಲಿ. ಸಿಲಿಂಡರನ್ನು ಅದರ ಮೇಲೆ ಇಟ್ಟು ಎಷ್ಟು ಇಳಿಯಿತು ಅಂತ ನೋಡುದು. ನಾವೆಲ್ಲ ಗ್ಯಾಸು ಹಾಕುದು ಕೈ ಅಂದಾಜಿನಲ್ಲಿ, ದಪ್ಪ ಪೈಪು ಮುಟ್ಟಿ ನೋಡಿ ಬೆವರಿದರೆ ಸಾಕು ಅಂತ. ಆಶಾನ್ ತಕ್ಕಡಿ ನೋಡಿ ಹೇಳಿದ್ರು, "ಎಂತ ಚಂದ್ರ, ನಾಳೆಯಿಂದ ಮೀನು ಮಾರ್ಲಿಕ್ಕೆ ಹೋಗ್ತೀಯಾ?" ಶಾಪೆಲ್ಲ ನಗಾಡಿತು. ನಾನೂ.

ಅವಸರದವ ಅಂತ ಈಗ ಊರು ಹೇಳುದು ಇವನನ್ನು.

ಈಗ ಆ ನಟ್ಟಿನ ವಿಷಯ. ಮುಳ್ಳೇರಿಯದಲ್ಲಿ ಒಬ್ಬರು ಹಲ್ಲಿನ ಡಾಕ್ಟರಮ್ಮ ಮೇಲಿನ ಮಾಳಿಗೆಯಲ್ಲಿ ಬಾಡಿಗೆಗೆ ಕ್ಲಿನಿಕ್ಕು ಹಾಕಿದ್ರು. ಅಲ್ಲಿಗೆ ಎಸಿ ಕೂರಿಸಿದ್ದು ನಾನು. ಚಂದ್ರ ಅವತ್ತು ಬೇರೆ ಕೆಲಸದಲ್ಲಿದ್ದ. ನಾಲ್ಕು ಗಂಟೆಗೆ ಪೇಶಂಟು ಬರ್ತಾರೆ ಅಂತ ಡಾಕ್ಟರಮ್ಮ ಗಡಿಯಾರ ನೋಡ್ತಾ ಇದ್ರು. ನಾನು ಸನ್‌ಶೇಡಿನಲ್ಲಿ ಕೂತು ಪೈಪು ಸೇರಿಸ್ತಾ ಇದ್ದೆ.

ತಾಮ್ರದ ಪೈಪಿನ ಬಾಯಿಯನ್ನು ಹೂವಿನ ಹಾಗೆ ಅಗಲ ಮಾಡಿ ನಟ್ಟಿನಲ್ಲಿ ಕೂರಿಸಿ ಬಿಗಿ ಮಾಡುದು. ಎಷ್ಟು ಬಿಗಿ ಅಂತ ಲೆಕ್ಕ ಉಂಟು. ಅದಕ್ಕೆ ಬೇರೆಯೇ ಸ್ಪ್ಯಾನರ್ ಉಂಟು. ನನ್ನ ಹತ್ತಿರ ಇದ್ದದ್ದು ಉದ್ದದ ಸ್ಪ್ಯಾನರ್, ಮತ್ತೆ ತೋಳು. ದಪ್ಪ ಪೈಪಿನ ನಟ್ಟು ಕೊನೆಗೆ ಒಂದು ಸಲ ಎಳೆದೆ. ಟಿಕ್ ಅಂತು.

ಆ ಸದ್ದು ನನಗೆ ಗೊತ್ತು. ಕೆಲಸ ಮಾಡುವ ಎಲ್ಲರಿಗೂ ಗೊತ್ತು. ನಟ್ಟು ಸೀಳಿದ್ದು. ಕೂದಲಿನಷ್ಟು ಸಪೂರ ಗೆರೆ, ನೋಡಿದರೆ ಕಾಣುದೂ ಇಲ್ಲ. ಮಾಡಬೇಕಾದ್ದು ಎಂತ? ಪೈಪು ಕತ್ತರಿಸುದು, ಹೊಸ ನಟ್ಟು ಹಾಕುದು, ಪುನಃ ಬಾಯಿ ಅಗಲ ಮಾಡುದು. ಆದರೆ ನಾನು ಪೈಪನ್ನು ಕೊನೆಯ ಅಂಗುಲದವರೆಗೆ ಅಳತೆಗೆ ಕತ್ತರಿಸಿದ್ದೆ. ಪುನಃ ಕತ್ತರಿಸಿದರೆ ಗಿಡ್ಡ ಆಗ್ತದೆ, ಗೋಡೆಯಿಂದ ಎಲ್ಲ ಎಳೆದು ಹೊಸತು ಹಾಕಬೇಕು.

ಪಂಪು ಕೊಟ್ಟಿದ್ದರೆ ಮುಳ್ಳು ನಿಲ್ತಿರಲಿಲ್ಲ. ಆಗ ಸುಮ್ಮನೆ ಬಿಟ್ಟು ಬರ್ಲಿಕ್ಕೆ ನನಗೂ ಆಗ್ತಿರಲಿಲ್ಲ. ಆದ ಕಾರಣ ಪಂಪು ಕೊಡಲಿಲ್ಲ. ಸತ್ಯ ಬರೀತೇನೆ, ಮರೆತದ್ದಲ್ಲ. ಕೊಡಲಿಲ್ಲ. ಹತ್ತು ಎಣಿಸಿದೆ, ವಾಲ್ವು ಬಿಟ್ಟೆ, ನಟ್ಟಿನ ಮೇಲೆ ಸ್ಪಂಜು ಕೂರಿಸಿ ಬಿಳಿ ಟೇಪು ಸುತ್ತಿದೆ. ಟೇಪು ನನ್ನಷ್ಟು ಚಂದ ಯಾರೂ ಸುತ್ತುದಿಲ್ಲ. ಡಾಕ್ಟರಮ್ಮ ಕಿಟಕಿಯಿಂದ ನೋಡಿ "ನೀಟ್ ಆಯ್ತು" ಅಂದ್ರು. ನಾಲ್ಕು ಗಂಟೆಗೆ ರೂಮು ತಣ್ಣಗಿತ್ತು.

ಮರು ವರ್ಷ ಬೇಸಗೆಗೆ ಫೋನು ಬಂತು, ತಣ್ಣಗೆ ಆಗುದಿಲ್ಲ. ಹೋದೆ. ಸಾಬೂನು ನೊರೆ ಹಾಕಿ ನೋಡುದು ಬೇಡ, ನನಗೆ ಗೊತ್ತುಂಟಲ್ಲ ಎಲ್ಲಿ ಅಂತ. ಗ್ಯಾಸು ಹಾಕಿದೆ, ಬಂದೆ. "ಗ್ಯಾಸು ಎಲ್ಲಿ ಹೋಗುದು?" ಅಂತ ಕೇಳಿದ್ರು. "ಓಡಿ ಓಡಿ ಕಡಿಮೆ ಆಗ್ತದೆ ಮೇಡಂ, ಸ್ಕೂಟರಿಗೆ ಪೆಟ್ರೋಲ್ ಇದ್ದ ಹಾಗೆ" ಅಂದೆ. ಎಸಿಯ ಗ್ಯಾಸು ಕಡಿಮೆ ಆಗ್ಲಿಕ್ಕೆ ಇಲ್ಲ. ತೂತು ಇಲ್ಲದಿದ್ದರೆ ಇಪ್ಪತ್ತು ವರ್ಷಕ್ಕೂ ಅಷ್ಟೇ ಇರ್ತದೆ. ಇದು ಮಕ್ಕಳಿಗೂ ಗೊತ್ತಿರಬೇಕಾದ್ದು. ಮೂರು ಬೇಸಗೆ ಹೀಗೆ ಪೆಟ್ರೋಲ್ ಕಥೆ ಹೇಳಿ ಗ್ಯಾಸು ಹಾಕಿದೆ. ಚಂದ್ರನಿಗೆ ಹೇಳಲಿಲ್ಲ. ಹೇಳಿದರೆ ಅವನು ಬಾಳೆಗೊನೆಯ ಮುಖ ಮಾಡ್ತಾನೆ.

ನಾಲ್ಕನೆಯ ವರ್ಷ ಡಾಕ್ಟರಮ್ಮ ಕ್ಲಿನಿಕ್ಕನ್ನು ಬೇರೆ ಕಟ್ಟಡಕ್ಕೆ ಬದಲಾಯಿಸಿದ್ರು. ಎಸಿ ಬಿಚ್ಚಿ ಅಲ್ಲಿಗೆ ಹಾಕಬೇಕು. ಶಾಪಿನಿಂದ ನನ್ನನ್ನೂ ಚಂದ್ರನನ್ನೂ ಒಟ್ಟಿಗೆ ಕಳಿಸಿದ್ರು. ಬೆಳಿಗ್ಗೆ ಹತ್ತೂವರೆ ಇರಬೇಕು. ಬಿಸಿಲು ಒಳ್ಳೆ ಉಂಟು.

ಬಿಚ್ಚುವ ಮೊದಲು ಗ್ಯಾಸನ್ನೆಲ್ಲ ಹೊರಗಿನ ಪೆಟ್ಟಿಗೆಗೆ ಎಳೆದು ಬಂದ್ ಮಾಡಬೇಕು. ಅದಕ್ಕೆ ಪಂಪ್ ಡೌನ್ ಅಂತ ಹೇಳುದು. ಎಸಿ ಓಡ್ತಾ ಇರುವಾಗ ಸಪೂರ ಪೈಪಿನ ವಾಲ್ವು ಬಂದ್ ಮಾಡುದು. ಕಂಪ್ರೆಸರ್ ಪೈಪಿನಲ್ಲಿ ಇದ್ದ ಗ್ಯಾಸನ್ನೆಲ್ಲ ಎಳೀತದೆ. ಗೇಜಿನ ಮುಳ್ಳು ಇಳೀತಾ ಬರ್ತದೆ. ಸೊನ್ನೆಗೆ ಬಂದು ಇನ್ನೂ ಸ್ವಲ್ಪ ಕೆಳಗೆ ಹೋದ ಕೂಡಲೇ ದಪ್ಪ ಪೈಪಿನ ವಾಲ್ವು ಬಂದ್, ಎಸಿ ಬಂದ್. ಒಂದು ನಿಮಿಷದ ಕೆಲಸ, ಹೆಚ್ಚೆಂದರೆ ಎರಡು. ಹೊರಗೆ ಗೇಜು ನೋಡ್ಲಿಕ್ಕೆ ಒಬ್ಬ, ಒಳಗೆ ರಿಮೋಟು ಹಿಡಿದುಕೊಂಡು ಒಬ್ಬ.

ಈ ಸಮಯದಲ್ಲಿ ಪೈಪಿನಲ್ಲಿ ತೂತು ಇದ್ದರೆ ಎಂತ ಆಗ್ತದೆ? ಗ್ಯಾಸು ಖಾಲಿ ಆದ ಮೇಲೆ ಕಂಪ್ರೆಸರ್ ಆ ತೂತಿನಿಂದ ಹೊರಗಿನ ಗಾಳಿ ಎಳೀಲಿಕ್ಕೆ ಸುರು ಮಾಡ್ತದೆ. ಗಾಳಿ ಬರುದರಿಂದ ಮುಳ್ಳು ಸೊನ್ನೆಗಿಂತ ಕೆಳಗೆ ಹೋಗುದಿಲ್ಲ. ನೋಡುವವನಿಗೆ ಇನ್ನೂ ಗ್ಯಾಸು ಉಂಟು ಅಂತ ಕಾಣ್ತದೆ. ಅವನು ಕಾಯ್ತಾನೆ. ಒಳಗೆ ಗಾಳಿ, ಎಣ್ಣೆ, ಬಿಸಿ, ಪ್ರೆಶರ್. ಡೀಸೆಲ್ ಇಂಜಿನಿನಲ್ಲಿ ಬೆಂಕಿ ಹಿಡಿಯುದು ಹಾಗೆಯೇ. ಇಂಜಿನಿಗೆ ಹೊಗೆ ಹೋಗ್ಲಿಕ್ಕೆ ದಾರಿ ಉಂಟು. ಕಂಪ್ರೆಸರಿಗೆ ಇಲ್ಲ.

ಚಂದ್ರ ಸನ್‌ಶೇಡಿಗೆ ಇಳಿದ. ನಾನು ರೂಮಿನ ಒಳಗೆ, ರಿಮೋಟು ಕೈಯಲ್ಲಿ. ಕಿಟಕಿ ತೆರೆದಿತ್ತು. ಡಾಕ್ಟರಮ್ಮ ನನ್ನ ಪಕ್ಕದಲ್ಲೇ ನಿಂತಿದ್ರು.

"ಎಲ್ಲ ವರ್ಷ ಗ್ಯಾಸು ಹಾಕಿದ್ದೀರಿ. ಅದೆಲ್ಲ ಇದರಲ್ಲಿಯೇ ಬರ್ತದಲ್ಲ? ಅಲ್ಲಿ ಹೋಗಿ ಪುನಃ ಹಾಕ್ಲಿಕ್ಕೆ ಇಲ್ಲ ತಾನೆ?" ಅಂದ್ರು.

"ಇಲ್ಲ ಮೇಡಂ, ಎಲ್ಲ ಇದರಲ್ಲೇ ಉಂಟು."

ಹೊರಗಿನಿಂದ ಚಂದ್ರ ಕರೆದ. "ಲ್ಯಾನ್ಸೀ, ವಾಲ್ವು ಬಂದ್ ಮಾಡಿದೆ. ಇಳೀತಾ ಉಂಟು."

ಸ್ವಲ್ಪ ಹೊತ್ತು ಆಯ್ತು. ಪುನಃ ಕರೆದ. "ಸೊನ್ನೆಯಲ್ಲಿ ನಿಂತಿತು. ಕೆಳಗೆ ಹೋಗುದಿಲ್ಲ."

ನಾನು ರಿಮೋಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ.

"ಮುಳ್ಳು ಇಳಿಯುದಿಲ್ಲ ಮಾರಾಯ! ಎಲ್ಲಿಯಾದರೂ ಲೀಕ್ ಉಂಟಾ ಇದರಲ್ಲಿ? ಕೂರಿಸಿದ್ದು ನೀನಲ್ವಾ?"

ಡಾಕ್ಟರಮ್ಮ ನನ್ನ ಮುಖ ನೋಡಿದ್ರು. ಅವರಿಗೆ ತುಳು ಸರಿ ಬರುದಿಲ್ಲ, ಆದರೆ ಲೀಕ್ ಅಂದರೆ ಗೊತ್ತಾಗುದಿಲ್ವಾ? ಮೂರು ವರ್ಷ ಹೇಳಿದ ಪೆಟ್ರೋಲ್ ಕಥೆ ಅವರ ಕಣ್ಣಿನಲ್ಲಿ ನಿಂತಿತ್ತು. ನನ್ನ ಹೆಬ್ಬೆರಳು ರಿಮೋಟಿನ ಬಟನಿನ ಮೇಲೆಯೇ ಇತ್ತು. ಒತ್ತಿದರೆ ಮುಗೀತಿತ್ತು. ಒತ್ತಿದರೆ ಯಾಕೆ ಒತ್ತಿದ್ದು ಅಂತ ಹೇಳಬೇಕಿತ್ತು.

ನಾನು ಬೊಬ್ಬೆ ಹಾಕಿದೆ. "ಲೀಕ್ ಎಂತದೂ ಇಲ್ಲ. ಗ್ಯಾಸು ಇನ್ನೂ ಉಂಟು. ಓಡ್ಲಿ ಎರಡು ನಿಮಿಷ."

"ಸದ್ದು ಬದಲಾಗಿದೆ ಮಾರಾಯ."

"ಓಡ್ಲಿ."

ಅವನು ನನ್ನ ಮಾತು ನಂಬಿದ. ಪೆಟ್ಟಿಗೆಯ ಹತ್ತಿರ ಬಗ್ಗಿ ಗೇಜು ನೋಡ್ತಾ ಕೂತ. ಎಣಿಸ್ತಾ ಇದ್ದ, ನನಗೆ ಕೇಳ್ತಿತ್ತು. ವಾಹದ್, ಇತ್ನೇನ್. ಎಷ್ಟರವರೆಗೆ ಬಂದಿದ್ದ ಅಂತ ಗೊತ್ತಿಲ್ಲ.

ಕಂಪ್ರೆಸರ್ ಹೊಟ್ಟಿ ಒಡೆದ ಸದ್ದನ್ನು ಬರೀಲಿಕ್ಕೆ ನನಗೆ ಬರುದಿಲ್ಲ. ಕಿಟಕಿಯ ಗಾಜು ನನ್ನ ಕಾಲ ಹತ್ತಿರ ಬಿತ್ತು. ಡಾಕ್ಟರಮ್ಮ ಕಿವಿ ಮುಚ್ಚಿಕೊಂಡು ಕೂತುಬಿಟ್ಟಿದ್ರು. ನಾನು ಕಿಟಕಿಯಿಂದ ಹಾರಿ ಹೊರಗೆ ಹೋದೆ. ಅವನು ಕೆಳಗೆ ಬಿದ್ದಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದ, ಬಸ್ಸಿಗೆ ಕಾಯುವವರ ಹಾಗೆ. ಮುಖದಲ್ಲಿ ಎಣ್ಣೆ, ರಕ್ತ, ಕಪ್ಪು. "ಲ್ಯಾನ್ಸಿ, ನೀರು ಹಾಕು, ಕಣ್ಣಿಗೆ ಎಂತದೋ ಬಿತ್ತು" ಅಂದ. ಕಣ್ಣಿಗೆ ಎಂತದೂ ಬಿದ್ದದ್ದಲ್ಲ. ನನಗೆ ಕಾಣ್ತಾ ಇತ್ತು.

ಡಾಕ್ಟರಮ್ಮ ತಾವೇ ಕಾರು ತೆಗೆದು ಆಸ್ಪತ್ರೆಗೆ ತಂದ್ರು. ಅಲ್ಲಿಂದ ಮಂಗಳೂರಿಗೆ. ಎರಡು ಆಪರೇಶನ್ ಆಯ್ತು. ಒಂದು ಕಣ್ಣು ತೆಗೆದ್ರು. ಇನ್ನೊಂದು ಇದೆ, ಕಾಣುದಿಲ್ಲ.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಅವನಿಗೆ ಸರಿಯಾಗಿ ಮಾತಾಡ್ಲಿಕ್ಕೆ ಆಯ್ತು. ಮುಖಕ್ಕೆಲ್ಲ ಬಟ್ಟೆ ಕಟ್ಟಿದ್ರು. ನನ್ನ ಕೈ ಹುಡುಕಿ ಹಿಡಿದುಕೊಂಡ. "ಲ್ಯಾನ್ಸಿ, ನಾನು ನಿನ್ನ ಹತ್ತಿರ ಲೀಕ್ ಉಂಟಾ ಅಂತ ಕೇಳಿದ್ದೆನಾ?"

ಅವನ ಹೆಂಡತಿ ಪುಷ್ಪಕ್ಕ ಮಂಚದ ಆಚೆ ಬದಿಯಲ್ಲಿ ನಿಂತಿದ್ರು.

ನಾನು ಹೇಳಿದೆ, "ಕೇಳಿದ ಹಾಗೆ ನೆನಪಿಲ್ಲ."

"ಕೇಳಲಿಲ್ವಾ?"

"ಇಲ್ಲ."

ಅವನು ಕೈ ಬಿಟ್ಟ. "ಹಾಗಾದರೆ ನಾನೇ ಜಾಸ್ತಿ ಓಡಿಸಿದ್ದು" ಅಂದ.

ಕಣ್ಣು ಹೋದದ್ದು ಸನ್‌ಶೇಡಿನಲ್ಲಿ. ಇದು ಆಸ್ಪತ್ರೆಯಲ್ಲಿ ಮಾಡಿದ್ದು. ಯಾವುದು ದೊಡ್ಡದು ಅಂತ ನನಗೆ ಈಗಲೂ ಗೊತ್ತಿಲ್ಲ.

ಮೊಯ್ದುಚ್ಚ ಹೋಗಿ ಒಡೆದ ಪೆಟ್ಟಿಗೆಯನ್ನು ಶಾಪಿಗೆ ತಂದಿದ್ರು. ನಾನು ಮುಖ ತೋರಿಸಿದ ದಿನ ಅವರು ನಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ರು. ಸೀಳಿದ ಗೆರೆಯ ಒಳಗೆ ಹಸಿರು ಕಿಲುಬು. ಹೊಸ ಸೀಳು ಆದರೆ ಹಿತ್ತಾಳೆ ಹೊಳೀತದೆ. ಕಿಲುಬು ಬರ್ಬೇಕಾದರೆ ವರ್ಷ ಆಗ್ಬೇಕು. ಅವರಿಗೆ ಹೇಳಿಕೊಡಬೇಕಾ?

"ಇದು ಯಾರು ಬಿಗಿ ಮಾಡಿದ್ದು?"

"ನಾನು."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ನಟ್ಟನ್ನು ತಿರುಗಿಸಿ ಗೆರೆಯ ಮೇಲೆ ಉಗುರು ಎಳೆದ್ರು. "ಪಂಪು ಕೊಟ್ಟಿದ್ದರೆ ಮೊದಲ ದಿನವೇ ಸಿಕ್ತಿತ್ತು" ಅಂದ್ರು. ಆಮೇಲೆ ಅವರ ಕಣ್ಣಿನಲ್ಲಿ ನೀರು ಬಂತು. "ಪಂಪು ಬೇಡ ಅಂದವ ನಾನಲ್ವಾ."

ಬೈತಾರೆ, ಹೊಡೀತಾರೆ ಅಂತ ನಾನು ಹೋದದ್ದು. ಹೊಡೆದಿದ್ದರೆ ಒಳ್ಳೆದಿತ್ತು. ಅವರು ನಟ್ಟನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದ್ರು. "ಈಗ ಹೇಳಿದರೆ ಅವನ ಕಣ್ಣು ಬರ್ತದಾ? ಯಾರಿಗೂ ಹೇಳಬೇಡ" ಅಂದ್ರು. ಡಾಕ್ಟರಮ್ಮನಿಗೆ ಸಂಶಯ ಇದ್ದಿರಬಹುದು, ಆದರೆ ಅವರು ಯಾವತ್ತೂ ಕೇಳಲಿಲ್ಲ. ಗೊತ್ತಿದ್ದ ಇನ್ನೊಬ್ಬರು ಮೊಯ್ದುಚ್ಚನೇ. ಹೋದ ವರ್ಷ ತೀರಿಕೊಂಡರು. ಆಗ ನನಗೆ ಬಂದ ಯೋಚನೆ ಎಂತ ಗೊತ್ತುಂಟಾ? ಇನ್ನು ನಾನೊಬ್ಬನೇ, ಬಚಾವ್ ಅಂತ. ಬಿಳಿ ಬಟ್ಟೆ ಹೊದೆಸಿದ ಅವರ ಮಯ್ಯತ್ತಿನ ಎದುರು ನಿಂತುಕೊಂಡು. ನನಗೆ ಕೆಲಸ ಕಲಿಸಿದವರು.

ಚಂದ್ರನಿಗೆ ಹಾಗೆ ಆದ ಮೇಲೆ ಶಾಪಿನಲ್ಲಿ ಎಲ್ಲ ಕೆಲಸಕ್ಕೂ ಪಂಪು ಹೋಯ್ತು. ಮೂರು ತಿಂಗಳು. ಆಮೇಲೆ ಬೇಸಗೆ ಬಂತು, ಫೋನು ಜಾಸ್ತಿ ಆಯ್ತು, ಪಂಪು ಪುನಃ ಸೀಟಿನ ಹಿಂದೆ ಹೋಯ್ತು. ನಾನೂ ಒಂದು ವರ್ಷ ಅಲ್ಲೇ ಇದ್ದೆ. ಪಂಪು ಇಡ್ತಿದ್ದೆ, ಹೌದು. ಆದರೆ ಎಸಿ ಓಡುವಾಗ ಮುಳ್ಳು ನೋಡಿದರೆ ಹತ್ತು ಎಣಿಸ್ಲಿಕ್ಕೆ ಆಗುದಿಲ್ಲ, ಎರಡಕ್ಕೆ ನಿಲ್ತದೆ. ಚೀಲ ಇಟ್ಟು ಬಂದೆ.

ಐಟಿಐ ಮಕ್ಕಳಿಗೆ ನಾನು ಹೇಳುದು ಎಂತ? ಪಂಪು ಇಡಿ ಅಂತ ಸಾರ್ ಹೇಳ್ತಾರೆ, ಪುಸ್ತಕದಲ್ಲಿಯೂ ಉಂಟು. ನೀವು ಪರೀಕ್ಷೆಯಲ್ಲಿ ಬರೀತೀರಿ, ಮಾರ್ಕು ಸಿಗ್ತದೆ. ಆಮೇಲೆ ಶಾಪಿಗೆ ಹೋಗ್ತೀರಿ, ಮೊದಲ ದಿನವೇ ಒಬ್ಬರು ಆಶಾನ್ ನಗಾಡ್ತಾರೆ. ನೀವು ಚಂದ್ರನ ಹಾಗೆ ಹೊತ್ತುಕೊಂಡು ಹೋದರೂ ನಿಮ್ಮ ಮೊದಲು ಆ ಪೈಪಿಗೆ ಕೈ ಹಾಕಿದವ ನನ್ನ ಹಾಗಿನವ ಆದರೆ ಎಂತ ಮಾಡ್ತೀರಿ? ಟೇಪಿನ ಒಳಗೆ ಎಂತ ಉಂಟು ಅಂತ ನಿಮಗೆ ಯಾರು ಹೇಳ್ತಾರೆ? ಮುಳ್ಳು ಇಳಿಯದಿದ್ದರೆ ಯಾರ ಮಾತೂ ಕೇಳಬೇಡಿ, ಬಂದ್ ಮಾಡಿ. ಅಷ್ಟು ಮಾತ್ರ ಗೊತ್ತು.

ಇಲ್ಲಿಯವರೆಗೆ ಬರೆದು ಒಂದು ತಿಂಗಳು ಇಟ್ಟಿದ್ದೆ. ಸಾರ್ ಎರಡು ಸಲ ಫೋನು ಮಾಡಿದ್ರು. ಮಕ್ಕಳಿಗೆಲ್ಲ ಓದ್ಲಿಕ್ಕೆ ಕೊಡುದು, ಚಂದ್ರನಿಗೆ ಗೊತ್ತಿಲ್ಲದೆ ಕೊಡುದು ಹೇಗೆ? ಅವನಿಗೆ ಓದ್ಲಿಕ್ಕೆ ಆಗುದಿಲ್ಲ. ಕಾಗದ ಕೊಟ್ಟು ಓಡಿ ಬರ್ಲಿಕ್ಕೆ ಸಹ ನನಗೆ ಆಗುದಿಲ್ಲ. ನಾನೇ ಕೂತು ಓದಬೇಕು.

ಮೊನ್ನೆ ಆದಿತ್ಯವಾರ ಇಗರ್ಜಿಯಿಂದ ಸೀದಾ ಅವನ ಮನೆಗೆ ಹೋದೆ. ಪುಷ್ಪಕ್ಕ ಈಗ ಬಾಳೆಕಾಯಿ ಚಿಪ್ಸು ಮಾಡಿ ಅಂಗಡಿಗಳಿಗೆ ಕೊಡ್ತಾರೆ. ಜಗಲಿಯಲ್ಲಿ ಚಂದ್ರನ ತಕ್ಕಡಿ ಇತ್ತು, ಗ್ಯಾಸಿನದ್ದು. ಈಗ ಅದರಲ್ಲಿ ಚಿಪ್ಸು ತೂಗುದು. ಚಂದ್ರ ಪಕ್ಕದಲ್ಲಿ ಕೂತು ಪ್ಯಾಕೆಟಿನ ಬಾಯಿ ಕಟ್ತಾ ಇದ್ದ. ಕೈ ಮೊದಲಿನ ಹಾಗೆಯೇ, ಒಂದೂ ಸಡಿಲ ಇಲ್ಲ.

ಒಳಗಿನಿಂದ ಪುಷ್ಪಕ್ಕ ಹೇಳಿದ್ರು, "ನಿಧಾನ ಕಟ್ಟಿ, ಹರೀತದೆ. ನಿಮ್ಮ ಅವಸರ ಇನ್ನೂ ಹೋಗಲಿಲ್ಲ."

"ಕೇಳಿದಿಯಾ?" ಅಂದ ಚಂದ್ರ, ನನ್ನ ಕಡೆ ನಗಾಡಿ. "ಕಣ್ಣು ಹೋಯ್ತು, ಅವಸರ ಹೋಗಲಿಲ್ಲ."

"ನಾನು ಒಂದು ಬರೆದಿದ್ದೇನೆ. ಓದ್ಲಾ?" ಅಂದೆ.

"ನೀನು ಬರೆದದ್ದಾ? ಒಂಬತ್ತು ಅರ್ಧದವ?"

ಓದಿದೆ. ಬಾಳೆಗೊನೆ ಬಂದಾಗ ನಕ್ಕ. ಟಿಕ್ ಅಂತ ನಟ್ಟು ಸೀಳಿದಲ್ಲಿಗೆ ಬಂದಾಗ ಪ್ಯಾಕೆಟ್ ಕೆಳಗೆ ಇಟ್ಟ. ಆಸ್ಪತ್ರೆಯ ಮಾತು ಮುಗಿದ ಮೇಲೆ "ನಿಲ್ಲು" ಅಂದ.

"ರಿಮೋಟು ನಿನ್ನ ಕೈಯಲ್ಲಿತ್ತು."

"ಇತ್ತು."

"ನಾನು ಕೇಳಿದ್ದೆ. ಲೀಕ್ ಉಂಟಾ ಅಂತ."

"ಕೇಳಿದ್ದಿ."

"ಕೇಳಿದ್ದೆನಲ್ಲ" ಅಂದ. ಪುನಃ, ಸಣ್ಣ ದನಿಯಲ್ಲಿ, "ಕೇಳಿದ್ದೆನಲ್ಲ. ನಾನು ಅದನ್ನು ಕನಸು ಅಂತ ಮಾಡಿಕೊಂಡಿದ್ದೆ ಮಾರಾಯ."

ಅವನು ಬೈಯಲಿಲ್ಲ. ನಾನು ಕಾಗದ ಮಡಿಚಿ ಏಳ್ಲಿಕ್ಕೆ ನೋಡಿದೆ.

"ಕೂತುಕೋ" ಅಂದ. ಒಳಗೆ ಕರೆದ, "ಪುಷ್ಪಾ, ಇಲ್ಲಿ ಬಾ."

"ಎಣ್ಣೆ ಕಾದಿದೆ."

"ಒಲೆ ಬಂದ್ ಮಾಡಿ ಬಾ."

ಪುಷ್ಪಕ್ಕ ಸೆರಗಿನಲ್ಲಿ ಕೈ ಒರೆಸ್ತಾ ಬಂದು ಬಾಗಿಲಿನಲ್ಲಿ ನಿಂತ್ರು.

ಚಂದ್ರ ನನಗೆ ಹೇಳಿದ, "ಇವಳಿಗೆ ಓದು. ಮೊದಲಿನಿಂದ. ಎಂತದೂ ಬಿಡಬೇಡ. ಇವಳು ದಿನಾ ಹೇಳ್ತಾಳೆ ಅಂತ ಬರೆದಿದ್ದಿಯಲ್ಲ, ಅದನ್ನೂ."

ಪುನಃ ಓದಿದೆ. ಪುಷ್ಪಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ರು. ಸನ್‌ಶೇಡಿನ ಹತ್ತಿರ ಬಂದಾಗ ಎದ್ದು ಒಳಗೆ ಹೋದ್ರು. ನಾನು ನಿಲ್ಲಿಸಿದೆ.

"ಹೋದಳಾ?" ಅಂತ ಕೇಳಿದ ಚಂದ್ರ.

"ಹೋದ್ರು."

"ಓದು. ಒಳಗೆ ಕೇಳ್ತದೆ."

ಖಾಲಿ ಕುರ್ಚಿ ನೋಡಿಕೊಂಡು ಕೊನೆಯವರೆಗೆ ಓದಿದೆ. ಎಲ್ಲ ಮುಗಿದ ಮೇಲೂ ಒಳಗಿನಿಂದ ಒಲೆ ಹೊತ್ತಿಸುವ ಸದ್ದು ಬರಲಿಲ್ಲ.